ಹಸು, ಪಟ್ಟಕ ಮತ್ತು ಹಗ್ಗ ಹರಿದ ಹಂದಿ

ಬ್ರಿಟನ್ನಿನ ಪಿಂಕ್ ಫ್ಲಾಯ್ಡ್ ತಂಡ 1970ರಲ್ಲಿ ಹೊರತಂದ ‘ಆಟಮ್ ಹಾರ್ಟ್ ಮದರ್’ ಆಲ್ಬಂನ ಹೊದಿಕೆಯ ಮೇಲೆ ತಂಡದ ಹೆಸರಿಲ್ಲ, ಆಲ್ಬಂನ ಹೆಸರೂ ಇಲ್ಲ. ಹುಲ್ಲುಗಾವಲಿನಲ್ಲಿ ಒಂದು ಹಸು ನಿಂತು ಹಿಂದಿರುಗಿ ನೋಡುತ್ತಿದೆ, ಅಷ್ಟೇ. ಇಂಥ ಧೈರ್ಯ ಸಾಧ್ಯವಾದದ್ದು ಕಲಾವಿದರಿಗೂ ವಿನ್ಯಾಸಕಾರರಿಗೂ ಇದ್ದ ಸಲಿಗೆಯಿಂದ. 1968ರಲ್ಲಿ ಆಬ್ರಿ ಪೊವೆಲ್ ಜತೆ ಲಂಡನ್ನಿನಲ್ಲಿ ‘ಹಿಪ್ನೋಸಿಸ್’ ಎಂಬ ವಿನ್ಯಾಸ ಸಂಸ್ಥೆ ಕಟ್ಟಿದ ಸ್ಟಾರ್ಮ್ ಥಾರ್ಗರ್ಸನ್, ತಂಡದ ರೋಜರ್ ವಾಟರ್ಸ್ ಮತ್ತು ಸಿಡ್ ಬ್ಯಾರೆಟ್ ಓದಿದ ಕೇಂಬ್ರಿಜ್ ಶಾಲೆಯಲ್ಲೇ ಓದಿದವರು.

ಸಲಿಗೆಯೆಂದರೆ ಎಲ್ಲಕ್ಕೂ ತಲೆಯಾಡಿಸುವುದಲ್ಲ. 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಹೊತ್ತಿಗೆ ಕೀಬೋರ್ಡ್ ವಾದಕ ರಿಚರ್ಡ್ ರೈಟ್‌ಗೆ ವಿಚಿತ್ರ ಫೋಟೊಗಳು ಸಾಕಾಗಿದ್ದವು. ಸರಳವಾದ, ಅಚ್ಚುಕಟ್ಟಾದ ಚಿತ್ರವೊಂದು ಬೇಕೆಂದರು. ಥಾರ್ಗರ್ಸನ್ ಮುಂದಿಟ್ಟ ಹಲವು ಕರಡುಗಳಲ್ಲಿ ಬೆಳಕನ್ನು ಒಡೆಯುವ ಪಟ್ಟಕವನ್ನು ಸದಸ್ಯರು ಹೆಚ್ಚು ಚರ್ಚೆಯಿಲ್ಲದೆ ಆರಿಸಿಕೊಂಡರು. ಅದನ್ನು ಬರೆದದ್ದು ಜಾರ್ಜ್ ಹಾರ್ಡಿ. ವಿಜ್ಞಾನದ ಮೇಷ್ಟ್ರು ಎಣಿಸಿ ನೋಡಿದರೆ ಬಣ್ಣ ಆರೇ, ಊದಾ ಇಲ್ಲ. ಆ ಬಣ್ಣದ ಗೆರೆ ಒಳಪುಟದಲ್ಲಿ ಹೃದಯ ಬಡಿತದ ರೇಖೆಯಾಗಿ ಮುಂದುವರಿಯಲಿ ಎಂದದ್ದು ವಾಟರ್ಸ್. ಆಲ್ಬಂ ಶುರುವಾಗುವುದೂ ಮುಗಿಯುವುದೂ ಎದೆಬಡಿತದಿಂದಲೇ. ಹಿಂಬದಿಯಲ್ಲಿ ಇನ್ನೊಂದು ಪಟ್ಟಕವಿದೆ. ಹಾಗಾಗಿ ಹೊದಿಕೆಗಳನ್ನು ಬಿಚ್ಚಿ ಸಾಲಾಗಿ ಜೋಡಿಸಿದರೆ ಗೆರೆ ಎಲ್ಲೂ ತುಂಡಾಗುವುದಿಲ್ಲ. ವಿನ್ಯಾಸಕಾರ ತಂದ ಚಿತ್ರಕ್ಕೆ ಸಂಗೀತಗಾರ ಪ್ರಾಣ ಕೊಟ್ಟದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

1975ರ ‘ವಿಶ್ ಯು ವರ್ ಹಿಯರ್’ನ ವಸ್ತುವೇ ಇಲ್ಲದಿರುವಿಕೆ. ಕೈಕುಲುಕುವ ಇಬ್ಬರಲ್ಲಿ ಒಬ್ಬನ ಮೈಗೆ ಬೆಂಕಿ ಹತ್ತಿದೆ. ಗಣಕಯಂತ್ರದ ಕರಾಮತ್ತು ಇಲ್ಲದ ಕಾಲ. ಸ್ಟಂಟ್ ಕಲಾವಿದನಿಗೆ ನಿಜವಾಗಿಯೇ ಬೆಂಕಿ ಹಚ್ಚಿದ್ದರು, ಗಾಳಿ ತಿರುಗಿ ಆತನ ಮೀಸೆ ಸುಟ್ಟಿತು. ಇಷ್ಟು ಪಾಡುಪಟ್ಟು ತೆಗೆದ ಚಿತ್ರವನ್ನು ಕಡೆಗೆ ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮರೆಮಾಡಿದರು. ಚಿತ್ರವೇ ಕಾಣದಿರಬೇಕು ಎಂಬುದು ಅಲ್ಲಿನ ತರ್ಕ.

1977ರ ‘ಅನಿಮಲ್ಸ್’ನಲ್ಲಿ ಪಾತ್ರ ಅದಲುಬದಲಾಯಿತು. ಲಂಡನ್ನಿನ ಬ್ಯಾಟರ್ಸೀ ವಿದ್ಯುತ್ ಸ್ಥಾವರದ ಚಿಮಣಿಗಳ ನಡುವೆ ಗಾಳಿ ತುಂಬಿದ ಹಂದಿಯನ್ನು ಹಾರಿಸುವ ಕಲ್ಪನೆ ವಾಟರ್ಸ್ ಅವರದು. ಕಾರ್ಯರೂಪಕ್ಕೆ ತರುವ ಹೊಣೆ ಹಿಪ್ನೋಸಿಸ್‌ನದು. 1976ರ ಡಿಸೆಂಬರ್‌ನಲ್ಲಿ ಸುಮಾರು 40 ಅಡಿಯ ಆ ಹಂದಿ ಹಗ್ಗ ಹರಿದುಕೊಂಡು ವಿಮಾನಗಳ ದಾರಿಗೆ ನುಗ್ಗಿತು. ಹೊಡೆದುರುಳಿಸಲು ಕರೆಸಿದ್ದ ಬಂದೂಕುಧಾರಿ ಅಂದು ಇರಲಿಲ್ಲ. ಅವನನ್ನು ಗೊತ್ತುಮಾಡಿದ್ದು ಹಿಂದಿನ ದಿನಕ್ಕೆ ಮಾತ್ರ. ಹಂದಿ ಕೆಂಟ್‌ನ ಹೊಲವೊಂದರಲ್ಲಿ ಬಿತ್ತು. ಕೊನೆಗೆ ಸ್ಥಾವರದ ಬೇರೊಂದು ಫೋಟೊದ ಮೇಲೆ ಹಂದಿಯನ್ನು ಅಂಟಿಸಬೇಕಾಯಿತು.

ಈ ಹೊದಿಕೆಯ ಶ್ರೇಯ ಯಾರದ್ದೆಂಬ ವಿಷಯಕ್ಕೆ ವಾಟರ್ಸ್ ಮತ್ತು ಥಾರ್ಗರ್ಸನ್ ನಡುವೆ ಮನಸ್ತಾಪ ಬೆಳೆಯಿತು. 1979ರ ‘ದ ವಾಲ್’ ವ್ಯಂಗ್ಯಚಿತ್ರಕಾರ ಜೆರಾಲ್ಡ್ ಸ್ಕಾರ್ಫ್ ಕೈಗೆ ಹೋಯಿತು. ವಾಟರ್ಸ್ ತಂಡ ಬಿಟ್ಟ ಮೇಲೆ, 1987ರಲ್ಲಿ, ಥಾರ್ಗರ್ಸನ್ ಮರಳಿ ಬಂದು, ತಂಡದ ಹೊಸ ಆಲ್ಬಂನ ಹೊದಿಕೆಗಾಗಿ ಡೆವನ್‌ನ ಸಾಂಟನ್ ಕಡಲತೀರದಲ್ಲಿ 700 ಆಸ್ಪತ್ರೆ ಮಂಚಗಳನ್ನು ಸಾಲಾಗಿ ಹಾಕಿಸಿದರು. ಮಳೆ ಸುರಿಯಿತು. ಎರಡು ವಾರ ಬಿಟ್ಟು ಅಷ್ಟೂ ಮಂಚಗಳನ್ನು ಮತ್ತೆ ಹೊತ್ತು ತಂದು ಫೋಟೊ ತೆಗೆದರು.