ಕೇಪಿನ ರಿವಾಲ್ವರುಗಳ ಸಂಗ್ರಹ ಮತ್ತು ಸುರಪುರದ ಸಾಕ್ಷ್ಯ

ವಿಜಯಪುರ ಸೀಮೆಯ ಆಯುಧ ಪರಂಪರೆಯೆಂದೊಡನೆ ನೆನಪಿಗೆ ಬರುವುದು 1549ರಲ್ಲಿ ಅಹಮದ್‌ನಗರದಲ್ಲಿ ಎರಕಗೊಂಡ ಮಲಿಕ್-ಎ-ಮೈದಾನ್ ಫಿರಂಗಿ. ಅದಕ್ಕೆ ಹೋಲಿಸಿದರೆ ಹತ್ತೊಂಬತ್ತನೆಯ ಶತಮಾನದ ಕೇಪಿನ ರಿವಾಲ್ವರು ಕೈಯಳತೆಯ ವಸ್ತು. ಆದರೂ ಈ ನಾಡಿನ ಚರಿತ್ರೆಯಲ್ಲಿ ಅದಕ್ಕೂ ಸ್ಥಾನವುಂಟು.

ಈ ರಿವಾಲ್ವರಿನ ಸಿಲಿಂಡರಿನಲ್ಲಿರುವ ಒಂದೊಂದು ಕೋಣೆಗೂ ಮುಂಭಾಗದಿಂದ ಮದ್ದು ಮತ್ತು ಗುಂಡನ್ನು ತುಂಬಿ, ಹಿಂಭಾಗದ ಮೊಲೆಯಾಕಾರದ ಕೊಳವೆಗೆ ತಾಮ್ರದ ಕೇಪನ್ನು ತೊಡಿಸಲಾಗುತ್ತಿತ್ತು. ಸುತ್ತಿಗೆಯ ಹೊಡೆತಕ್ಕೆ ಕೇಪು ಸಿಡಿದು ಮದ್ದಿಗೆ ಕಿಡಿ ತಗಲುತ್ತಿತ್ತು. 1836ರಲ್ಲಿ ಅಮೆರಿಕದಲ್ಲಿ ಹಕ್ಕುಪತ್ರ ಪಡೆದ ಕೋಲ್ಟನ ಮಾದರಿಯಲ್ಲಿ ಸುತ್ತಿಗೆಯನ್ನು ಪ್ರತಿಸಲವೂ ಹೆಬ್ಬೆರಳಿನಿಂದ ಹಿಂದಕ್ಕೆಳೆಯಬೇಕಿತ್ತು. 1851ರ ಆಡಮ್ಸ್ ಮಾದರಿಯಲ್ಲಿ ಟ್ರಿಗರನ್ನು ಒತ್ತಿದರೆ ಸಾಕಾಗಿತ್ತು. ಅದರ ನಳಿಗೆಯೂ ಚೌಕಟ್ಟೂ ಒಂದೇ ಲೋಹಖಂಡದವು. ಟ್ರಾಂಟರನ ರಚನೆಯಲ್ಲಿ ಎರಡು ಟ್ರಿಗರುಗಳಿದ್ದು, ಕೆಳಗಿನದು ಸುತ್ತಿಗೆಯನ್ನು ಸಜ್ಜುಗೊಳಿಸಿದರೆ ಮೇಲಿನದು ಗುಂಡನ್ನು ಹಾರಿಸುತ್ತಿತ್ತು. 1856ರ ಲೆಮ್ಯಾಟ್ ರಿವಾಲ್ವರಿನಲ್ಲಿ ಒಂಬತ್ತು ಕೋಣೆಗಳ ಸಿಲಿಂಡರು, ಚರೆ ಹಾರಿಸುವ ಎರಡನೆಯ ನಳಿಗೆಯ ಸುತ್ತ ತಿರುಗುತ್ತಿತ್ತು. ಲೋಹದ ತೋಟಾಗಳು ಬಳಕೆಗೆ ಬಂದಂತೆ ಇವೆಲ್ಲ ಹಿಂದೆ ಸರಿದವು. ಅಲ್ಪಕಾಲ ಬಾಳಿದ ಈ ವಿಚಿತ್ರ ರಚನೆಗಳೇ ಸಂಗ್ರಾಹಕರ ಆಸಕ್ತಿಗೆ ಕಾರಣ.

1858ರ ಫೆಬ್ರವರಿಯಲ್ಲಿ ಸುರಪುರದ ಬಂಡಾಯವು ಅಡಗಿದ ಮೇಲೆ ರಾಜಾ ವೆಂಕಟಪ್ಪ ನಾಯಕನು ಸೆರೆಯಾದನು. ಕಾವಲಿನಲ್ಲಿ ಕರೆದೊಯ್ಯುವಾಗ ಬೆಂಗಾವಲಿನ ಅಧಿಕಾರಿಯ ರಿವಾಲ್ವರಿನಿಂದ ಅವನು ಸತ್ತನೆಂದು, ಅವನನ್ನು ಬಾಲ್ಯದಿಂದ ಬಲ್ಲ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಇದೇ ಅವಧಿಯಲ್ಲಿ, 1857ರ ನಿಃಶಸ್ತ್ರೀಕರಣ ಕಾಯಿದೆಯನ್ನು ವಿರೋಧಿಸಿ ಹಲಗಲಿಯ ಬೇಡರು ದಂಗೆಯೆದ್ದಿದ್ದರು. ಆಳುವವರ ಸೊಂಟದಲ್ಲಿ ಹೊಸ ರಿವಾಲ್ವರು, ಆಳಿಸಿಕೊಂಡವರ ಕೈಯಿಂದ ಹಳೆಯ ಆಯುಧಗಳ ಕಸಿತ: ಈ ವೈದೃಶ್ಯವನ್ನು ಯಂತ್ರರಚನೆಯೊಂದೇ ತಿಳಿಸಲಾರದು.

ಆದ್ದರಿಂದ ಸಂಗ್ರಹದಲ್ಲಿ ರೂಪವೈಚಿತ್ರ್ಯದಷ್ಟೇ ಪೂರ್ವವೃತ್ತಾಂತವೂ ಮುಖ್ಯ. ತಯಾರಕನ ಮುದ್ರೆ, ಕ್ರಮಸಂಖ್ಯೆ, ಬಿಡಿಭಾಗಗಳ ಸಂಖ್ಯಾಸಾಮ್ಯ, ಒಡೆತನದ ದಾಖಲೆ ಇವುಗಳನ್ನು ಪರಿಶೀಲಿಸದೆ ಯಾವುದೇ ಆಯುಧಕ್ಕೆ ಪ್ರಸಿದ್ಧ ಹೆಸರನ್ನು ಅಂಟಿಸುವುದು ಚರಿತ್ರೆಗೆ ಬಗೆಯುವ ಅಪಚಾರ. ತುಕ್ಕನ್ನು ಉಜ್ಜಿ ಹೊಳಪು ಕೊಡುವುದರಿಂದ ಈ ಗುರುತುಗಳೇ ಅಳಿಯುತ್ತವೆ. ನೂರು ವರ್ಷ ಮೀರಿದ ಇಂತಹ ವಸ್ತುಗಳನ್ನು ಖಾಸಗಿಯಾಗಿ ವಿದೇಶಕ್ಕೆ ಸಾಗಿಸುವುದನ್ನು 1972ರ ಪುರಾವಸ್ತು ಕಾಯಿದೆಯು ನಿಷೇಧಿಸುತ್ತದೆ. 1959ರ ಆಯುಧ ಕಾಯಿದೆಯ ವಿನಾಯಿತಿಯಾದರೋ, ದುರಸ್ತಿ ಮಾಡಿದರೂ ಗುಂಡು ಹಾರಿಸಲಾಗದ ಹಳೆಯ ಆಯುಧಗಳಿಗೆ ಮಾತ್ರ ಅನ್ವಯಿಸುತ್ತದೆ. ದಾಖಲೆಯೊಡನೆ ಉಳಿದ ಆಯುಧವೇ ಸಂಶೋಧಕನಿಗೆ ಆಕರ. ದಾಖಲೆಯಿಲ್ಲದ್ದು ಬರಿಯ ಲೋಹ.