ಕೇಪಿನ ಕೋವಿ: ಹಳತು ನಿಜ, ಅರ್ಧ ಕೋವಿಯಲ್ಲ

ಲಿಂಗನಮಕ್ಕಿ ಹಿನ್ನೀರಿನ ಅಂಚಿನ ಸಾಗರ, ಹೊಸನಗರದ ತೋಟದ ಮನೆಗಳಲ್ಲಾಗಲಿ, ತೀರ್ಥಹಳ್ಳಿಯ ಕಾಡಂಚಿನ ಗದ್ದೆಗಳಲ್ಲಾಗಲಿ ಕೋವಿ ಎಂದರೆ ಹಲವರಿಗೆ ಮೊದಲು ನೆನಪಾಗುವುದು ಒಂಟಿನಳಿಗೆಯ ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ಸುರಿದು, ಗಜದಿಂದ ಜಡಿದು, ಚರೆ ತುಂಬಿ, ಕೊನೆಗೆ ಕೇಪು ಕೂರಿಸುವ ಕೋವಿ. ಮಂಗ, ಹಂದಿಗಳಿಂದ ಅಡಿಕೆ, ಭತ್ತ, ಬಾಳೆ ಉಳಿಸಿಕೊಳ್ಳಲು ಲೈಸೆನ್ಸ್ ಪಡೆದು ಇಟ್ಟುಕೊಂಡದ್ದು. ಅಜ್ಜನ ಕಾಲದ್ದೆಂಬ ಸಲುಗೆಯಿಂದ ಇದನ್ನು ಅರ್ಧ ಕೋವಿಯಂತೆ ಕಾಣುವುದು ರೂಢಿ. ಇದರ ಬಗೆಗಿನ ತಪ್ಪು ಕಲ್ಪನೆಗಳೆಲ್ಲ ಹೆಚ್ಚುಕಡಿಮೆ ಆ ಸಲುಗೆಯಿಂದಲೇ ಹುಟ್ಟಿದವು.

ತಪ್ಪು ಕಲ್ಪನೆ 1: ಹಳೆಯ ಕೋವಿಗೆ ಲೈಸೆನ್ಸ್ ಬೇಡ.

ಸತ್ಯ: ಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ಹಳೆಯ ಮಾದರಿಯ ಅಥವಾ ಕೆಟ್ಟುಹೋದ ಆಯುಧಗಳಿಗೆ ವಿನಾಯಿತಿ ಕೊಡುವುದು ನಿಜ. ಆದರೆ ಷರತ್ತು ಬಿಗಿಯಾಗಿದೆ. ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ ಸ್ಥಿತಿಯಲ್ಲಿದ್ದರೆ ಮಾತ್ರ ಅದಕ್ಕೆ ವಿನಾಯಿತಿ. ಕುದುರೆ ಮುರಿದು ಅಟ್ಟದ ಮೇಲೆ ಬಿದ್ದಿರುವ ಕೋವಿಗೆ ಹೊಸ ಕುದುರೆ ಹಾಕಿದರೆ ಹೊಡೆಯಬಹುದು ಎಂದಾದರೆ ಅದು ಕಾನೂನಿನ ಕಣ್ಣಲ್ಲಿ ಪೂರ್ಣ ಕೋವಿಯೇ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದ ಕೋವಿ ಇಟ್ಟುಕೊಂಡವರಿಗೆ 2ರಿಂದ 5 ವರ್ಷಗಳವರೆಗೆ ಜೈಲು. ಅದನ್ನು ರಿಪೇರಿ ಮಾಡುವವರಿಗೂ ಪ್ರತ್ಯೇಕ ಲೈಸೆನ್ಸ್ ಬೇಕು. ಊರಿನ ಕಮ್ಮಾರಸಾಲೆಯಲ್ಲಿ ನಳಿಗೆಗೆ ಬೆಸುಗೆ ಹಾಕಿಸುವುದು ಅಪಾಯವೂ ಹೌದು, ಅಪರಾಧವೂ ಹೌದು.

ತಪ್ಪು ಕಲ್ಪನೆ 2: ಕೊಡಗಿನವರಿಗೆ ಇರುವ ಲೈಸೆನ್ಸ್ ವಿನಾಯಿತಿ ಮಲೆನಾಡಿಗೆಲ್ಲ ಅನ್ವಯ.

ಸತ್ಯ: ಇಲ್ಲ. ಆ ವಿನಾಯಿತಿ ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಮಾತ್ರ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಶಿವಮೊಗ್ಗ ಜಿಲ್ಲೆಯ ರೈತರಿಗೆ ಸಿಗುವ ಅನುಕೂಲ ಬೇರೆ. ನಿಜವಾದ ಬೆಳೆ ರಕ್ಷಣೆಗೆಂದು ಬಾಯಿಂದ ತುಂಬುವ ಕೋವಿಗೆ ಅರ್ಜಿ ಹಾಕಿದರೆ ಲೈಸೆನ್ಸ್ ಕೊಡಬೇಕೆಂದು ಕಾಯ್ದೆಯ 13ನೇ ಸೆಕ್ಷನ್ ಹೇಳುತ್ತದೆ. ಆದರೆ ಅರ್ಜಿ, ಪೊಲೀಸ್ ವರದಿ, ಐದು ವರ್ಷಕ್ಕೊಮ್ಮೆ ನವೀಕರಣ ಇವಾವುವೂ ತಪ್ಪುವುದಿಲ್ಲ.

ತಪ್ಪು ಕಲ್ಪನೆ 3: ಹಳೆಯ ಮದ್ದು, ನೆನೆದ ಮದ್ದು ಸತ್ತಂತೆ.

ಸತ್ಯ: ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಕರಿಮದ್ದು ಒಣಗಿದ್ದರೆ ನೂರಾರು ವರ್ಷವಾದರೂ ಕೆಡುವುದಿಲ್ಲ. ನೆನೆದದ್ದು ಉರಿಯದಿರಬಹುದು, ಆದರೆ ಒಣಗಿದ ಮೇಲೆ ಮತ್ತೆ ಹೊತ್ತಿಕೊಳ್ಳಬಹುದು. 2008ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ 1860ರ ದಶಕದ ಅಂತರ್ಯುದ್ಧದ ಫಿರಂಗಿ ಗುಂಡೊಂದನ್ನು ಸ್ವಚ್ಛ ಮಾಡುತ್ತಿದ್ದ ಸಂಗ್ರಾಹಕರೊಬ್ಬರು ಅದು ಸಿಡಿದು ಸತ್ತರು. ನಮಗೆ ಇದು ದೂರದ ಮಾತಲ್ಲ. 1763ರಲ್ಲಿ ಹೈದರಾಲಿ ವಶಪಡಿಸಿಕೊಂಡ ಕೆಳದಿ ಅರಸರ ಬಿದನೂರು, ಅಂದರೆ ಹೊಸನಗರ ತಾಲ್ಲೂಕಿನ ನಗರದಲ್ಲಿ, 2018ರಲ್ಲಿ ಪಾಳು ಬಾವಿಯೊಂದರಿಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳನ್ನು ಪುರಾತತ್ವ ಇಲಾಖೆ ಹೊರತೆಗೆಯಿತು. ಅವುಗಳೊಳಗೆ ತುಂಬಿದ್ದ ಪುಡಿ ಹಾಗೇ ಇತ್ತು. ತೋಟ ಅಗೆಯುವಾಗ ಇಂಥ ಕೊಳವೆ, ಗುಂಡು ಸಿಕ್ಕರೆ ಕುಟ್ಟಿ ನೋಡಬಾರದು, ಬೆಂಕಿಯ ಬಳಿ ಒಣಗಿಸಬಾರದು. ಇದ್ದಲ್ಲೇ ಬಿಟ್ಟು ಪೊಲೀಸರಿಗೆ ತಿಳಿಸಬೇಕು.

ತಪ್ಪು ಕಲ್ಪನೆ 4: ಮದ್ದು ಹೆಚ್ಚಿದಷ್ಟೂ ಈಡು ದೂರ ಹೋಗುತ್ತದೆ.

ಸತ್ಯ: ಒಂದು ಮಿತಿ ದಾಟಿದ ಮೇಲೆ ಹೆಚ್ಚುವರಿ ಮದ್ದು ಪೂರ್ತಿ ಉರಿಯದೆ ಬಾಯಿಂದ ಕಿಡಿಯಾಗಿ ಹಾರಿಹೋಗುತ್ತದೆ. ಹೆಚ್ಚುವುದು ಹೊಗೆ, ಒದೆತ ಮತ್ತು ಹಳೆಯ ನಳಿಗೆಯ ಮೇಲಿನ ಒತ್ತಡ. ತಯಾರಕರು ಹೇಳಿದ ಅಳತೆಯೇ ಅಂತಿಮ, ಅಂಗೈ ಲೆಕ್ಕ ಅಳತೆಯಲ್ಲ. ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯಲೂಬಾರದು. ಹಿಂದಿನ ಈಡಿನ ಕಿಡಿ ಒಳಗೆ ಉಳಿದಿದ್ದರೆ ಡಬ್ಬಿಯೇ ಕೈಯಲ್ಲಿ ಸಿಡಿಯುತ್ತದೆ. ಇದಕ್ಕಿಂತ ಕಡೆಗಣನೆಗೆ ಒಳಗಾದ ಅಪಾಯ ಮತ್ತೊಂದಿದೆ: ಮದ್ದಿಗೂ ಗುಂಡಿಗೂ ನಡುವೆ ಸಂದು ಉಳಿದರೆ ಆ ಜಾಗದಲ್ಲಿ ನಳಿಗೆ ಉಬ್ಬಬಹುದು, ಒಡೆಯಬಹುದು. ಅದಕ್ಕೇ ತಿಳಿದವರು ಗಜದ ಮೇಲೆ ಎರಡು ಗುರುತು ಹಾಕಿಕೊಳ್ಳುತ್ತಾರೆ, ಖಾಲಿ ನಳಿಗೆಗೆ ಒಂದು, ಸರಿಯಾಗಿ ತುಂಬಿದ್ದಕ್ಕೆ ಇನ್ನೊಂದು. ಗಜ ಇಳಿಸಿದರೆ ಗುಂಡು ತಳ ಮುಟ್ಟಿದೆಯೇ, ಮರೆತು ಎರಡು ಸಲ ತುಂಬಿದ್ದಾಯಿತೇ ಎಂಬುದು ಅಲ್ಲೇ ತಿಳಿಯುತ್ತದೆ.

ತಪ್ಪು ಕಲ್ಪನೆ 5: ಕರಿಮದ್ದು ಸಿಗದಿದ್ದರೆ ತೋಟಾ ಒಡೆದು ಅದರ ಮದ್ದು ಹಾಕಿದರಾಯಿತು.

ಸತ್ಯ: ಈ ಪಟ್ಟಿಯಲ್ಲಿ ಕೈ, ಕಣ್ಣು, ಜೀವ ತೆಗೆಯುವ ನಂಬಿಕೆ ಇದೇ. ಇಂದಿನ ತೋಟಾದಲ್ಲಿರುವುದು ಹೊಗೆಯಿಲ್ಲದ ಮದ್ದು. ಅದರ ರಸಾಯನವೇ ಬೇರೆ, ಕರಿಮದ್ದಿನ ಅಳತೆಯಲ್ಲಿ ಹಾಕಿದರೆ ಏಳುವ ಒತ್ತಡ ಹಲವು ಪಟ್ಟು. ಕೇಪಿನ ಕೋವಿಯ ನಳಿಗೆ ಅದನ್ನು ತಾಳುವುದಿಲ್ಲ. ‘ಸ್ವಲ್ಪ ಹಾಕಿದರೆ ಏನಾಗದು’ ಎಂಬ ಮಾತಿಗೂ ಆಧಾರವಿಲ್ಲ. ಮನೆಯಲ್ಲೇ ಮದ್ದು ಅರೆಯುವುದಂತೂ ಲೈಸೆನ್ಸ್‌ನಲ್ಲಿಲ್ಲದ, ಸ್ಫೋಟಕ ಕಾಯ್ದೆಯಡಿ ಬರುವ ಅಪರಾಧ. ಲೈಸೆನ್ಸ್‌ನಲ್ಲಿ ಬರೆದಷ್ಟು ಪ್ರಮಾಣವನ್ನು ಅಧಿಕೃತ ಅಂಗಡಿಯಿಂದ ಕೊಳ್ಳುವುದೊಂದೇ ದಾರಿ.

ತಪ್ಪು ಕಲ್ಪನೆ 6: ಕೇಪು ತೆಗೆದಿಟ್ಟರೆ ತುಂಬಿದ ಕೋವಿ ಗೋಡೆಯ ಮೇಲಿರಬಹುದು.

ಸತ್ಯ: ನೋಡಿದವರಿಗೆ ತುಂಬಿದ ಕೇಪಿನ ಕೋವಿಗೂ ಖಾಲಿ ಕೋವಿಗೂ ವ್ಯತ್ಯಾಸ ಕಾಣುವುದಿಲ್ಲ. ತೋಟಾ ಕೋವಿಯಂತೆ ಮಡಚಿ ಇಣುಕುವ ಹಾಗಿಲ್ಲ. ಆರು ತಿಂಗಳ ನಂತರ ಮನೆಯ ಹುಡುಗನೊಬ್ಬ ಕೇಪು ಇಟ್ಟು ‘ಟಪ್’ ಅನ್ನಿಸಲು ಹೊರಟರೆ ಕತೆ ಮುಗಿಯಿತು. ತುಂಬಿದ್ದನ್ನು ಅಂದೇ ಸುರಕ್ಷಿತ ಜಾಗದಲ್ಲಿ ಬರಿದು ಮಾಡಬೇಕು. ಕುದುರೆ ಬಡಿದರೂ ಈಡು ಹಾರದಿದ್ದಾಗ ಕೂಡಲೇ ಬಾಯಿಗೆ ಕಣ್ಣಿಡುವ ಅಭ್ಯಾಸವೂ ಅಷ್ಟೇ ಕೆಟ್ಟದ್ದು. ಒದ್ದೆ ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ನಳಿಗೆಯನ್ನು ನಿರಪಾಯದ ಕಡೆಗೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಬೇಕು.

ತಪ್ಪು ಕಲ್ಪನೆ 7: ಕೋವಿಗೆ ನೀರು ತಾಗಿದರೆ ತುಕ್ಕು, ಸೀಮೆಎಣ್ಣೆಯಲ್ಲಿ ಒರೆಸಬೇಕು.

ಸತ್ಯ: ತಿರುಗುಮುರುಗು. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ತುಸು ಹೆಚ್ಚು ಭಾಗ ಅನಿಲವಾಗದೆ ಘನವಾಗಿಯೇ ಉಳಿಯುತ್ತದೆ. ನಳಿಗೆಗೆ ಅಂಟುವ ಆ ಕಿಟ್ಟದಲ್ಲಿ ಬಹುಪಾಲು ಪೊಟ್ಯಾಸಿಯಂ ಲವಣಗಳು. ಅವು ಗಾಳಿಯ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತವೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಬೀಳುವ ಆಗುಂಬೆಯಂಥ ಕಡೆ ರಾತ್ರಿ ಕಳೆಯುವುದರೊಳಗೆ ತುಕ್ಕು ಕಾಣಿಸಿಕೊಂಡರೆ ಅಚ್ಚರಿಯಿಲ್ಲ. ಲವಣ ಸೀಮೆಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಹೊಡೆದ ದಿನವೇ ಬಿಸಿನೀರು, ತುಸು ಸೋಪು ಹಾಕಿ ಗಜಕ್ಕೆ ಸುತ್ತಿದ ಬಟ್ಟೆ ಬಿಳಿಯಾಗಿ ಬರುವ ತನಕ ನಳಿಗೆ ತೊಳೆಯಬೇಕು. ಕೇಪು ಕೂರುವ ನಿಪ್ಪಲ್ ಬಿಚ್ಚಿ ತೂತು ಬಿಡಿಸಬೇಕು. ಬಿಸಿನೀರಿನಿಂದ ಲೋಹ ಕಾಯುವುದರಿಂದ ಬೇಗ ಒಣಗುತ್ತದೆ. ಚೆನ್ನಾಗಿ ಒಣಗಿದ ಮೇಲೆ ತೆಳುವಾಗಿ ಕೋವಿ ಎಣ್ಣೆ ಸವರಿ, ಮಳೆಗಾಲದಲ್ಲಿ ಆಗಾಗ ತೆಗೆದು ನೋಡಬೇಕು. ಮತ್ತೆ ತುಂಬುವ ಮೊದಲು ಆ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯಬೇಕು. ಇಲ್ಲವಾದರೆ ಮದ್ದು ಎಣ್ಣೆ ಹೀರಿ ಈಡು ಹುಸಿಯಾಗುತ್ತದೆ.

ತಪ್ಪು ಕಲ್ಪನೆ 8: ಸಿನಿಮಾದ ಹಳೆಯ ರಿವಾಲ್ವರ್ ಕೇಪಿನ ಕೋವಿಯ ಮರಿ, ಇದೇ ಲೈಸೆನ್ಸ್ ಸಾಕು.

ಸತ್ಯ: ವಂಶ ಒಂದೇ. 1836ರಲ್ಲಿ ಸ್ಯಾಮ್ಯುಯೆಲ್ ಕೋಲ್ಟ್ ಅಮೆರಿಕದಲ್ಲಿ ಪೇಟೆಂಟ್ ಪಡೆದ ರಿವಾಲ್ವರ್‌ನಲ್ಲೂ ಪ್ರತಿ ಗೂಡಿಗೆ ಮುಂದಿನಿಂದ ಮದ್ದು, ಗುಂಡು ತುಂಬಿ ಹಿಂದೆ ಕೇಪು ಕೂರಿಸಬೇಕಿತ್ತು. ಅಪಾಯ ಮಾತ್ರ ಒಂದು ಹೆಜ್ಜೆ ಹೆಚ್ಚು. ಗುಂಡು ಸಡಿಲವಾಗಿದ್ದರೆ ಒಂದು ಗೂಡಿನ ಜ್ವಾಲೆ ಪಕ್ಕದ ಗೂಡುಗಳಿಗೂ ಹಾರಿ ಒಟ್ಟಿಗೆ ಸಿಡಿಯಬಹುದು. ಅದಕ್ಕೇ ಗೂಡಿಗಿಂತ ಕೂದಲೆಳೆ ದಪ್ಪದ ಗುಂಡನ್ನು ಒತ್ತಿ ಕೂರಿಸಿ ಮೇಲೆ ಕೊಬ್ಬು ಸವರುತ್ತಿದ್ದರು. ತೊಳೆಯುವ ಕ್ರಮವೂ ಬಿಸಿನೀರಿನದೇ, ಆದರೆ ಗೂಡುಚಕ್ರ ಬಿಚ್ಚಿ ಒಂದೊಂದು ಗೂಡನ್ನೂ ನಿಪ್ಪಲನ್ನೂ ಬಿಡಿಯಾಗಿ ತೊಳೆಯಬೇಕು. ಕಾನೂನಿನ ವಿಷಯಕ್ಕೆ ಬಂದರೆ, ಬೆಳೆ ರಕ್ಷಣೆಯ ಲೈಸೆನ್ಸ್‌ಗೆ ರಿವಾಲ್ವರ್ ಸೇರುವುದಿಲ್ಲ.

ತಪ್ಪು ಕಲ್ಪನೆ 9: ಲೈಸೆನ್ಸ್ ಇದ್ದರೆ ತೋಟಕ್ಕೆ ಬಂದ ಪ್ರಾಣಿಯನ್ನು ಹೊಡೆಯಬಹುದು, ಅಪ್ಪನ ನಂತರ ಕೋವಿ ಮಗನದ್ದು.

ಸತ್ಯ: ಎರಡೂ ಸುಳ್ಳು. ಲೈಸೆನ್ಸ್ ಕೋವಿ ಇಟ್ಟುಕೊಳ್ಳಲು, ಬೇಟೆಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೆಳೆ ತಿನ್ನುವ ಕಾಡುಪ್ರಾಣಿಯನ್ನು ಕೊಲ್ಲಲು ಬೇರೆಯೇ ಅನುಮತಿ ಬೇಕು. ಗಾಳಿಗೆ ಸದ್ದು ಮಾಡಿ ಓಡಿಸುವುದು ಬೇರೆ, ಗುರಿಯಿಟ್ಟು ಹೊಡೆಯುವುದು ಬೇರೆ. ಇನ್ನು ಲೈಸೆನ್ಸ್ ಪಹಣಿಯಂತೆ ಪೌತಿ ಖಾತೆಯಾಗುವುದಿಲ್ಲ. ಲೈಸೆನ್ಸುದಾರ ತೀರಿಕೊಂಡ ಮೇಲೆ ಮನೆಯವರ ಬಳಿ ಕೋವಿ ಉಳಿದರೆ ಅದು ಅಕ್ರಮ. ತಡಮಾಡದೆ ಠಾಣೆಯಲ್ಲೋ ಅಧಿಕೃತ ಅಂಗಡಿಯಲ್ಲೋ ಠೇವಣಿ ಇಟ್ಟು ರಸೀದಿ ಪಡೆದು, ಬೇಕಿದ್ದವರು ತಮ್ಮ ಹೆಸರಿಗೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಅರ್ಜಿ ಹಾಕಬೇಕು. ಠಾಣೆಗೆ ಒಯ್ಯುವ ಮೊದಲು ಗಜ ಇಳಿಸಿ ಒಳಗೆ ಏನೂ ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಗಜ ಪೂರ್ತಿ ಇಳಿಯದಿದ್ದರೆ ಕೋವಿ ಮುಟ್ಟದೆ ಪೊಲೀಸರನ್ನೇ ಮನೆಗೆ ಕರೆಯಿರಿ.