ಮೊಮ್ಮಗುವಿಗೊಂದು ಕೌದಿ

ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಹಳೆ ಸೀರೆಯನ್ನು ಒರೆಸುವ ಬಟ್ಟೆ ಮಾಡಬೇಕಾದರೆ ಅಜ್ಜಿಯ ಅಪ್ಪಣೆ ಆಗಬೇಕು. ಹಳೆ ಬಟ್ಟೆಯ ಪದರಗಳನ್ನು ಸೇರಿಸಿ ಹೊಲಿಯುವ ಕೌದಿಗೆ ಅದು ಒದಗುತ್ತದೋ ಇಲ್ಲವೋ ಎಂದು ಹೇಳುವವಳು ಅವಳೇ. ಮಗಳು ಬಸುರಿ ಎಂದು ಗೊತ್ತಾದರಂತೂ ಗಂಟು ಬಿಚ್ಚಿ ಅರಿವೆ ಆರಿಸುವ ಕೆಲಸ ಶುರು.

ಬೇಕಾಗುವುದು ಹತ್ತಿಯ ಬಟ್ಟೆ, ಅದೂ ಹತ್ತಾರು ಸಲ ಒಗೆದು ಮೆತ್ತಗಾದದ್ದು. ಎಳೆಗೂಸಿನ ಮೈಗೆ ಹೊಸ ಬಟ್ಟೆಯ ಗಂಜಿ ಒರಟು. ಸಿಂಥೆಟಿಕ್ ಸೀರೆಗೆ ಹೊಳಪಿದ್ದರೂ ಬೆವರು ಹೀರುವುದಿಲ್ಲ, ಪದರಗಳು ಜಾರುತ್ತವೆ. ಅಜ್ಜನ ಧೋತರ, ತಾಯಿಯ ಸೀರೆ, ಸೋದರಮಾವನ ಅಂಗಿ, ಹೀಗೆ ಮಗು ಮೊದಲು ಮಲಗುವುದು ಬಳಗದವರ ಬಟ್ಟೆಯ ಮೇಲೆ. ಮನೆಯಲ್ಲಿ ಹೊಲಿಯುವವರಿಲ್ಲದಿದ್ದರೆ, ಊರೂರು ತಿರುಗಿ ಕೌದಿ ಹೊಲಿದುಕೊಡುವ ಹೆಂಗಸರಿದ್ದಾರೆ. ಆಗಲೂ ಅರಿವೆ ಮನೆಯವರದೇ.

ಕೌದಿಯೊಳಗೆ ಗಾದಿಯ ಹಾಗೆ ಹತ್ತಿ ತುಂಬುವುದಿಲ್ಲ. ಪದರದ ಮೇಲೆ ಪದರ ಹಾಸಿ ಟಾಕಿ, ಅಂದರೆ ಕೈಹೊಲಿಗೆ, ಹಾಕುತ್ತ ಹೋದರೆ ನಡುವೆ ನಿಂತ ಗಾಳಿಯೇ ಬೆಚ್ಚಗಿಡುತ್ತದೆ. ಟಾಕಿ ಒತ್ತೊತ್ತಾಗಿರಬೇಕು, ಇಲ್ಲದಿದ್ದರೆ ಒಗೆದಾಗ ಒಳಗಿನ ಬಟ್ಟೆ ಮುದ್ದೆಯಾಗುತ್ತದೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿಯ ಚೆಲುವೇ ಬೇರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದು, ಗೋವೆಯಿಂದ ತಪ್ಪಿಸಿಕೊಂಡು ಕಾಡು ಸೇರಿದವರ ಸಂತತಿ ಇವರಲ್ಲಿದೆ. ಕೌದಿಯನ್ನು ಅವರು ಕವಂದ್ ಎನ್ನುತ್ತಾರೆ. ತುಂಡುಗಳನ್ನೆಲ್ಲ ಮೊದಲೇ ಜೋಡಿಸಿಕೊಳ್ಳುವ ಪದ್ಧತಿ ಇಲ್ಲಿಲ್ಲ. ಒಂದು ಮೂಲೆಯಿಂದ ಹೊರಟು, ಅಂಚು ಸುತ್ತಿ, ತುಂಡು ಬಟ್ಟೆಗಳನ್ನು ಮಡಚಿ ಕೂರಿಸುತ್ತ ಸುತ್ತು ಸುತ್ತಾಗಿ ಒಳಕ್ಕೆ ಬರುತ್ತಾರೆ. ಕೊನೆಯ ಟಾಕಿ ಬೀಳುವುದು ನಟ್ಟನಡುವೆ. ಮುಂದಿನ ತುಂಡು ಕೆಂಪೋ ಹಳದಿಯೋ ಎಂಬುದು ಕೈ ಅಲ್ಲಿಗೆ ಬಂದಾಗಲೇ ನಿಶ್ಚಯವಾಗುತ್ತದೆ. ನಾಲ್ಕು ಮೂಲೆಗೂ ಮಡಚಿದ ತ್ರಿಕೋನದ ‘ಫೂಲ’ ಬೇಕೇ ಬೇಕು. ಅದಿಲ್ಲದ ಕವಂದ್ ಅವರ ಲೆಕ್ಕದಲ್ಲಿ ಬತ್ತಲೆ. ಕ್ರೈಸ್ತ ಸಿದ್ದಿಯರ ಕೆಲವು ಕವಂದ್‌ಗಳಲ್ಲಿ ಶಿಲುಬೆ, ಮುಸ್ಲಿಮರ ಕೆಲವುಗಳಲ್ಲಿ ಅರ್ಧಚಂದ್ರ ಕಾಣುತ್ತದೆ.

ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳ ಮೇಲೆ ಕೆಲಸ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಸಿದ್ದಿ ಕವಂದ್‌ಗಳ ಪ್ರದರ್ಶನವೂ ನಡೆಯಿತು. ಹೊಲಿದವರ ಕೈಗೆ ನಾಲ್ಕು ಕಾಸು ಸೇರುವುದಾದರೆ ಇಂಥ ಪ್ರದರ್ಶನಕ್ಕೂ ಮಾರಾಟಕ್ಕೂ ಯಾರ ತಕರಾರೂ ಇರಬಾರದು. ಆದರೆ ಗೋಡೆಗೆ ತೂಗುಹಾಕಿದ ಕೌದಿಯ ಬೆನ್ನು ಕಾಣುವುದಿಲ್ಲವೆಂಬುದು ನನ್ನ ಸಣ್ಣ ಪಿರಿಪಿರಿ. ಬಣ್ಣಗಳ ಗದ್ದಲವಿಲ್ಲದ ಆ ಹಿಂಬದಿಯ ಒಂದೇ ಸೀರೆಯ ಮೇಲೆ ಸಾಲು ಹಿಡಿದ ಟಾಕಿ ನೋಡಿದರೆ ಕೈಯ ಹದ ತಿಳಿಯುತ್ತದೆ. ಅಂಗಡಿಯಲ್ಲಿ ಕೊಳ್ಳುವವರೂ ಮೊದಲು ತಿರುವಿ ನೋಡುವುದು ಒಳ್ಳೆಯದು.

ಈಗ ಪಟ್ಟಣದ ಮನೆಗಳಲ್ಲಿ ಹತ್ತಿಯ ಸೀರೆ ಸಿಗುವುದೇ ಅಪರೂಪ. ಅದಕ್ಕೇನೂ ಕೈಚೆಲ್ಲಬೇಕಿಲ್ಲ. ಸವೆದ ಕಾಟನ್ ನೈಟಿ, ಹಳೆ ಹಾಸುಬಟ್ಟೆ, ದುಪಟ್ಟಾಗಳಿಂದ ತೊಟ್ಟಿಲ ಅಳತೆಯ ಕೌದಿ ಚೆನ್ನಾಗಿಯೇ ಆಗುತ್ತದೆ. ಜೀನ್ಸ್ ಬೇಡ, ಸೂಜಿ ಮುರಿಯುತ್ತದೆ. ಟೀ ಶರ್ಟ್ ಕೂಡ ಬೇಡ, ಎಳೆದರೆ ಹಿಗ್ಗುವ ಬಟ್ಟೆ ಟಾಕಿ ಬಿದ್ದಲ್ಲೆಲ್ಲ ಸುಕ್ಕುಗಟ್ಟುತ್ತದೆ.